ಎದೆಯ ಡವಡವಕ್ಕೆ ಎಷ್ಟು ಅಂಕ?

ಬೆಂಗಳೂರಿನ ವಿಜಯನಗರ ಇವತ್ತು ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರ ಊರು. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ರಾಜ್ಯದ ಮೂಲೆಮೂಲೆಯಿಂದ ಬಂದವರು ಇಲ್ಲಿನ ಪಿಜಿಗಳಲ್ಲಿ ಉಳಿದು, ಕೋಚಿಂಗ್ ಸೆಂಟರು, ಗ್ರಂಥಾಲಯಗಳಲ್ಲಿ ವರ್ಷಗಟ್ಟಲೆ ಓದುತ್ತಾರೆ. ನೇಮಕಾತಿಯ ಅಧಿಸೂಚನೆ ತಡವಾಗುತ್ತದೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ವಯೋಮಿತಿ ಹತ್ತಿರ ಬರುತ್ತದೆ. ರಾತ್ರಿ ನಿದ್ದೆ ಹತ್ತುವುದಿಲ್ಲ, ಎದೆ ಡವಡವ ಎನ್ನುತ್ತದೆ. ಇದು ಪರೀಕ್ಷೆಯ ಸಹಜ ಭಯವೋ, ಚಿಕಿತ್ಸೆ ಬೇಕಾದ ಆತಂಕವೋ? ಮೊಬೈಲಿನಲ್ಲಿ ಸಿಗುವ ಪ್ರಶ್ನಾವಳಿಯೊಂದನ್ನು ತುಂಬಿದರೆ ಎರಡೇ ನಿಮಿಷದಲ್ಲಿ ಒಂದು ಅಂಕ ಬರುತ್ತದೆ. ಆ ಅಂಕವನ್ನು ಮಾತುಕತೆಯ ಆರಂಭವಾಗಿ ನಂಬಬಹುದು, ತೀರ್ಪಾಗಿ ನಂಬಬಾರದು ಎಂಬುದು ನನ್ನ ವಾದ.

ಇಂಥ ಪ್ರಶ್ನಾವಳಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಜಿಎಡಿ-7. ಅಮೆರಿಕದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್ ಮತ್ತು ಸಂಗಡಿಗರು 2006ರಲ್ಲಿ ಇದನ್ನು ಪ್ರಕಟಿಸಿದರು. ಕಳೆದ ಎರಡು ವಾರಗಳಲ್ಲಿ ಚಿಂತೆಯನ್ನು ಹಿಡಿತದಲ್ಲಿಡಲು ಆಗದಿದ್ದುದು, ಸುಮ್ಮನೆ ಕೂರಲಾಗದ ಚಡಪಡಿಕೆ, ಏನೋ ಕೆಟ್ಟದ್ದು ಆಗಿಬಿಡುತ್ತದೆಂಬ ದಿಗಿಲು ಎಷ್ಟು ದಿನ ಕಾಡಿದವು ಎಂಬಂಥ ಏಳು ಪ್ರಶ್ನೆಗಳು. ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 21. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣುವುದು ಒಳಿತು. ಮೂಲ ಅಧ್ಯಯನದಲ್ಲಿ ಈ ಗಡಿ ವಿಪರೀತ ಆತಂಕದ ಕಾಯಿಲೆ ಇದ್ದವರಲ್ಲಿ ಶೇ 89ರಷ್ಟು ಜನರನ್ನು ಹಿಡಿಯಿತು, ಇಲ್ಲದವರಲ್ಲಿ ಶೇ 82ರಷ್ಟು ಜನರನ್ನು ಸರಿಯಾಗಿ ಬಿಟ್ಟಿತು. ಕೇಳಲು ಚೆನ್ನಾಗಿದೆ. ಆದರೆ ಸಾವಿರ ಜನರಲ್ಲಿ ಐವತ್ತು ಮಂದಿಗೆ ಈ ಕಾಯಿಲೆ ಇದೆ ಎಂದುಕೊಂಡು ಲೆಕ್ಕ ಹಾಕಿ. ಸುಮಾರು 45 ಮಂದಿ ಸಿಗುತ್ತಾರೆ. ಅವರ ಜೊತೆಗೆ ಕಾಯಿಲೆಯಿಲ್ಲದ 171 ಮಂದಿಗೂ ಹತ್ತು ಅಥವಾ ಹೆಚ್ಚು ಬರುತ್ತದೆ. ಅಂದರೆ ಗಡಿ ಮುಟ್ಟಿದ ಐವರಲ್ಲಿ ನಾಲ್ವರಿಗೆ ಆ ಕಾಯಿಲೆಯೇ ಇಲ್ಲ. ಅಂಕ ನೋಡಿ ತನಗೆ ರೋಗ ಅಂಟಿತು ಎಂದು ಕುಗ್ಗುವುದು ಎಷ್ಟು ತಪ್ಪು ಎಂಬುದಕ್ಕೆ ಈ ಲೆಕ್ಕವೇ ಸಾಕು.

ಹಾಗಾದರೆ ಜನ ತಾವೇ ಹೇಳಿಕೊಳ್ಳುವ ಮಾತಿಗೆ ಬೆಲೆಯೇ ಇಲ್ಲವೇ ಎಂದು ಕೇಳಬಹುದು. ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಇದೆ, ಆತಂಕಕ್ಕೆ ಅಂಥದ್ದಿಲ್ಲ. ಎದೆಬಡಿತ ಎಣಿಸಬಹುದು, ಆದರೆ ಥೈರಾಯ್ಡ್ ಏರುಪೇರಾದರೂ, ರಕ್ತ ಕಡಿಮೆಯಿದ್ದರೂ ಎದೆ ಬಡಿದುಕೊಳ್ಳುತ್ತದೆ. ಒಳಗಿನ ದಿಗಿಲಿಗೆ ಅನುಭವಿಸುವವರೇ ಸಾಕ್ಷಿ. ಸಾಕ್ಷಿ ಕೆಲವೊಮ್ಮೆ ಮುಚ್ಚಿಡುತ್ತದೆ, ನಿಜ. ಪ್ರಶ್ನಾವಳಿಯನ್ನು ನೋಡುವವರು ಕೆಲಸ ಕೊಡುವವರೋ ಹಾಸ್ಟೆಲ್ ವಾರ್ಡನ್ನೋ ಆಗಿದ್ದರೆ ಯಾರು ತಾನೆ ಮನಬಿಚ್ಚಿ ಬರೆಯುತ್ತಾರೆ? ಆ ದೋಷ ಪ್ರಶ್ನೆಯದಲ್ಲ, ಕೇಳಿದ ಸಂದರ್ಭದ್ದು.

ಇನ್ನೂ ಗಟ್ಟಿಯಾದ ಆಕ್ಷೇಪ ಭಾಷೆಯದು. ನಮ್ಮಲ್ಲಿ ‘ನನಗೆ ಆತಂಕವಾಗಿದೆ’ ಎಂದು ವೈದ್ಯರ ಬಳಿ ಹೋಗುವವರು ಕಡಿಮೆ. ‘ಹೊಟ್ಟೆಯೊಳಗೆ ಸಂಕಟ’, ‘ಕೈಕಾಲು ನಡುಗ್ತವೆ’, ‘ತಲೆ ಸುತ್ತುತ್ತೆ’ ಎನ್ನುತ್ತಾರೆ. ಜಿಎಡಿ-7ರಲ್ಲಿ ಮೈಯ ಈ ಮಾತುಗಳಿಗೆ ಜಾಗವೇ ಇಲ್ಲ. ಮೈಸೂರಿನವರ ದಿಗಿಲು ರಾಯಚೂರಿನವರ ಬಾಯಲ್ಲಿ ಅಂಜಿಕೆಯಾಗುತ್ತದೆ. ಪುಸ್ತಕದ ‘ಉದ್ವಿಗ್ನತೆ’ ಇಬ್ಬರದೂ ಅಲ್ಲ. ಆದ್ದರಿಂದ ಅನುವಾದ ಮಾಡಿದರೆ ಸಾಲದು, ಇಲ್ಲಿಯ ಜನರ ನಡುವೆ ಒರೆಗೆ ಹಚ್ಚಬೇಕು. ಹಾಗೆ ಮಾಡಬಹುದು ಎಂಬುದಕ್ಕೆ ವಿಜಯನಗರದಿಂದ ಬಹಳ ದೂರವೇನಲ್ಲದ, ಮಾಗಡಿ ಕಡೆಯ ಸೋಲೂರೇ ಉದಾಹರಣೆ. ಅಲ್ಲಿನ ಆಸ್ಪತ್ರೆಗೆ ಬರುತ್ತಿದ್ದ 194 ಗರ್ಭಿಣಿಯರಲ್ಲಿ ಖಿನ್ನತೆಯನ್ನು ಗುರುತಿಸುವ ಎಡಿನ್‌ಬರೊ ಪ್ರಶ್ನಾವಳಿಯ ಕನ್ನಡ ರೂಪವನ್ನು ಸಂಶೋಧಕರು ಬಳಸಿ, ಅದರ ಅಂಕವನ್ನು ಮುಖಾಮುಖಿ ಸಂದರ್ಶನದ ಜೊತೆ ಹೋಲಿಸಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನ, ಹಳ್ಳಿಯ ಹೆಣ್ಣುಮಕ್ಕಳಿಗೂ ಅದು ಉಪಯುಕ್ತ ಎಂದು ತೋರಿಸಿತು. ಆ ಪ್ರಶ್ನಾವಳಿಯ ಹತ್ತು ಪ್ರಶ್ನೆಗಳಲ್ಲಿ ಮೂರು ಆತಂಕಕ್ಕೇ ಸಂಬಂಧಿಸಿದವು.

ಇಷ್ಟೆಲ್ಲ ಕಷ್ಟವೇಕೆ, ನೇರವಾಗಿ ವೈದ್ಯರ ಬಳಿಗೇ ಕಳಿಸಬಹುದಲ್ಲ ಎನ್ನುವವರಿಗೆ ಉತ್ತರ ಸರಳ: ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಸಾಮಾನ್ಯವಾದ ಮಾನಸಿಕ ಕಾಯಿಲೆಗಳಿರುವ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಯಾರನ್ನು ಮೊದಲು ಮಾತಾಡಿಸಬೇಕು ಎಂದು ತಿಳಿಯಲು ಈ ಏಳು ಪ್ರಶ್ನೆಗಳು ಬೇಕು. ಹಾಗಾಗಿ ಕೋಚಿಂಗ್ ಸೆಂಟರಾಗಲಿ ಕಾಲೇಜಾಗಲಿ, ಪ್ರಶ್ನಾವಳಿ ಹಂಚುವ ಮುನ್ನ ಉತ್ತರ ಕೇಳಿಸಿಕೊಳ್ಳಲು ಒಬ್ಬ ಆಪ್ತಸಮಾಲೋಚಕರನ್ನು ಕೂರಿಸಲಿ. ಅವರಿಲ್ಲದ ಕಡೆ, ಗಡಿ ಮುಟ್ಟಿದವರ ಕೈಗೆ 2022ರಿಂದ ಹಗಲೂ ರಾತ್ರಿ ಉಚಿತವಾಗಿ ಸಿಗುತ್ತಿರುವ ಟೆಲಿ ಮಾನಸ್ ಸಂಖ್ಯೆ 14416 ಇರಲಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅಂಕ ಕೊಟ್ಟು ಸುಮ್ಮನಾದರೆ, ಕಷ್ಟ ಏನೆಂದು ಕೇಳಿ, ಹೇಳುವಷ್ಟರಲ್ಲಿ ಎದ್ದುಹೋದಂತೆ.