ಚೊಚ್ಚಲ ಹೆರಿಗೆಯಲ್ಲಿ ಗಂಡನಿಗೇನು ಕೆಲಸ?

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನ ಪಾಲು. ಸೀಮಂತ ಮುಗಿಸಿ ಮಗಳನ್ನು ಕರೆದೊಯ್ದರೆ ಆಕೆ ಮತ್ತೆ ಗಂಡನ ಮನೆಯ ಹೊಸ್ತಿಲು ತುಳಿಯುವುದು ಕೂಸಿನ ಕತ್ತು ನಿಂತ ಮೇಲೆಯೇ. ಅಲ್ಲಿಯವರೆಗೆ ಗಂಡನಿಗೆ ಉಳಿಯುವುದು ಫೋನು ಕಾಯುವ ಕೆಲಸ, ಬಿಲ್ಲು ಕಟ್ಟುವ ಕೆಲಸ, ಆಮೇಲೆ ಪೇಡೆ ಹಂಚುವ ಕೆಲಸ. ನೋವು ಶುರುವಾಯಿತೆಂದು ರಾತ್ರಿ ಬಸ್ಸು ಹಿಡಿದು ಓಡಿಬಂದರೂ ಲೇಬರ್ ವಾರ್ಡಿನ ಬಾಗಿಲಾಚೆಗಿನ ಬೆಂಚೇ ಗತಿ. ‘ಗಂಡಸರಿಗೆ ಇಲ್ಲೇನು ಕೆಲಸ?’ ಎಂದು ಆಯಾಳಿಂದ ಹಿಡಿದು ಅತ್ತೆಯವರೆಗೆ ಎಲ್ಲರೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರವೂ ಇದೆ. ಆದರೆ ಮೊದಲು ಬಾಗಿಲಿನ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯಬೇಕು.

ಗಾಬರಿ ಶುರುವಾಗುವುದು ತಾರೀಖಿನಿಂದ. ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟ ದಿನ ದಾಟಿತೆಂದರೆ ಎರಡೂ ಮನೆಗಳಲ್ಲಿ ನಿದ್ದೆ ಹಾರಿಹೋಗುತ್ತದೆ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಕೂಡಿಸಿ ಈ ತಾರೀಖು ತೆಗೆಯುತ್ತಾರೆ. ಜರ್ಮನಿಯ ಪ್ರಸೂತಿ ತಜ್ಞ ಫ್ರಾನ್ಸ್ ನೇಗೆಲೆ 19ನೇ ಶತಮಾನದಲ್ಲಿ ಪ್ರಚಾರಕ್ಕೆ ತಂದ ಸರಳ ಲೆಕ್ಕ ಅದು. ಅಂದಾಜಿಗೆ ಅನುಕೂಲ, ಅಷ್ಟೆ. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು 20ರಲ್ಲಿ ಒಂದು. 37 ವಾರ ತುಂಬಿದ ಮೇಲೆ ಯಾವಾಗ ಬೇಕಾದರೂ ಹೆರಿಗೆಯಾಗಬಹುದು. ಚೊಚ್ಚಲು ಮಗುವಂತೂ ಕೊಟ್ಟ ತಾರೀಖು ದಾಟಿ ಒಂದೆರಡು ದಿನ ಬಿಟ್ಟೇ ಬರುವುದು ಸಾಮಾನ್ಯ.

ಎರಡನೆಯ ಗಾಬರಿ ನೋವಿನ ದೀರ್ಘತೆಯದು. ‘ಬೆಳಿಗ್ಗೆಯಿಂದ ನೋವು ತಿನ್ನುತ್ತಿದ್ದಾಳೆ, ಇನ್ನೂ ಬಾಯಿ ತೆರೆದಿಲ್ಲವಂತೆ’ ಎಂಬ ಮಾತು ಬೆಂಚಿನಿಂದ ಬೆಂಚಿಗೆ ಹರಡುತ್ತದೆ. ಬಾಯಿ ಎಂದರೆ ಗರ್ಭಕಂಠದ ಬಾಯಿ. ಒಂಬತ್ತು ತಿಂಗಳು ಮಗುವನ್ನು ಒಳಗೆ ಹಿಡಿದಿಟ್ಟ ಈ ಭಾಗ ಮೂಗಿನ ತುದಿಯಷ್ಟು ಗಟ್ಟಿ ಇರುತ್ತದೆ. ಹೆರಿಗೆಗೆ ಮುನ್ನ ಅದು ತುಟಿಯಷ್ಟು ಮೆದುವಾಗಬೇಕು, ಆಮೇಲೆ ತೆಳುವಾಗಬೇಕು, ಆನಂತರ 10 ಸೆಂಟಿಮೀಟರಿನಷ್ಟು ಹಿಗ್ಗಬೇಕು. ಒಮ್ಮೆ ಹೆತ್ತ ದೇಹದಲ್ಲಿ ತೆಳುವಾಗುವುದೂ ಹಿಗ್ಗುವುದೂ ಒಟ್ಟೊಟ್ಟಿಗೆ ನಡೆಯುತ್ತವೆ. ಚೊಚ್ಚಲಿನಲ್ಲಿ ಹಾಗಲ್ಲ. ಮೊದಲು ಪೂರಾ ತೆಳುವಾಗಿ, ಹಿಗ್ಗುವ ಕೆಲಸ ಆಮೇಲೆ ಶುರುವಾಗುತ್ತದೆ. ಹೊರಗಿನವರಿಗೆ ‘ಏನೂ ಆಗಿಲ್ಲ’ ಎಂದು ಕಾಣುವ ಆ ಗಂಟೆಗಳಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ.

ಎಷ್ಟು ಹೊತ್ತು ಕಾಯಬೇಕು ಎಂಬ ವಿಷಯದಲ್ಲಿ ವೈದ್ಯಶಾಸ್ತ್ರವೂ ಬಹಳ ಕಾಲ ಅವಸರದಲ್ಲೇ ಇತ್ತು. 1950ರ ದಶಕದಲ್ಲಿ ನ್ಯೂಯಾರ್ಕಿನ ಇಮ್ಯಾನುಯಲ್ ಫ್ರೀಡ್‌ಮನ್ ಎಂಬ ವೈದ್ಯ 500 ಚೊಚ್ಚಲ ಹೆರಿಗೆಗಳನ್ನು ಗಮನಿಸಿ ಒಂದು ರೇಖೆ ಎಳೆದರು. ಅದರ ಮುಂದುವರಿಕೆಯಾಗಿ ‘ಗಂಟೆಗೆ ಒಂದು ಸೆಂಟಿಮೀಟರ್’ ಎಂಬುದು ಜಗತ್ತಿನ ಲೇಬರ್ ವಾರ್ಡುಗಳಲ್ಲೆಲ್ಲ ನಿಯಮವಾಗಿ ನಿಂತಿತು. ಆ ವೇಗಕ್ಕೆ ಬಾರದ ಹೆಂಗಸಿಗೆ ‘ಹೆರಿಗೆ ನಿಂತುಹೋಗಿದೆ’ ಎಂಬ ಹಣೆಪಟ್ಟಿ. 2010ರಲ್ಲಿ ಜುನ್ ಜಾಂಗ್ ಮತ್ತು ಜೊತೆಗಾರರು ಅಮೆರಿಕದ 62 ಸಾವಿರಕ್ಕೂ ಹೆಚ್ಚು ಹೆರಿಗೆಗಳ ದಾಖಲೆ ತೆಗೆದು ನೋಡಿದಾಗ ಚಿತ್ರ ಬೇರೆಯೇ ಇತ್ತು. 6 ಸೆಂಟಿಮೀಟರ್ ಆಗುವವರೆಗೆ ಆರೋಗ್ಯವಂತ ಹೆಂಗಸರಲ್ಲೂ ಹೆರಿಗೆ ನಿಧಾನವಾಗಿಯೇ ಸಾಗುತ್ತದೆ, ವೇಗ ಬರುವುದು ಅದರ ನಂತರ. ಗಂಟೆಗೊಂದು ಸೆಂಟಿಮೀಟರಿನ ಅಳತೆಗೋಲು ಎಲ್ಲರಿಗೂ ಹೊಂದುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಒಪ್ಪಿಕೊಂಡಿತು. 5 ಸೆಂಟಿಮೀಟರಿನ ನಂತರದ ಹಂತ ಚೊಚ್ಚಲಿನಲ್ಲಿ 12 ಗಂಟೆ ಹಿಡಿದರೂ ತಾಯಿ ಮಗು ಚೆನ್ನಾಗಿದ್ದರೆ ಅದು ಸಹಜವೇ ಎಂಬುದು ಈಗಿನ ನಿಲುವು.

ಇದನ್ನು ಇಷ್ಟು ಉದ್ದ ಹೇಳುವುದಕ್ಕೆ ಕಾರಣವಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇಕಡಾ 31ಕ್ಕೂ ಹೆಚ್ಚು ಸಿಸೇರಿಯನ್. ಮಗುವಿನ ಎದೆಬಡಿತ ಕುಸಿದಾಗ, ಮಾಸು ಗರ್ಭದ ಬಾಯಿಗೆ ಅಡ್ಡ ಕೂತಾಗ ಸಿಸೇರಿಯನ್ನಿನಷ್ಟು ಜೀವ ಉಳಿಸುವ ವಿದ್ಯೆ ಇನ್ನೊಂದಿಲ್ಲ. ಆದರೆ ‘ನಮ್ಮ ಹುಡುಗಿ ಇಷ್ಟು ಹೊತ್ತು ನರಳೋದು ನೋಡೋಕಾಗಲ್ಲ, ಕುಯ್ದು ತೆಗೆದುಬಿಡಿ ಡಾಕ್ಟ್ರೇ’ ಎಂಬ ಒತ್ತಡ ಬೆಂಚಿನ ಕಡೆಯಿಂದಲೂ ಹೋಗುತ್ತದೆ ಎಂಬುದನ್ನು ಪ್ರಸೂತಿ ವೈದ್ಯರನ್ನು ಕೇಳಿದರೆ ಹೇಳಿಯಾರು. ಚೊಚ್ಚಲು ನಿಧಾನ ಎಂದು ಮೊದಲೇ ತಿಳಿದಿದ್ದರೆ ಆ ಒತ್ತಡ ಸ್ವಲ್ಪವಾದರೂ ಇಳಿಯುತ್ತದೆ.

ನೋವಿನ ಯಂತ್ರವನ್ನು ನಡೆಸುವ ಮುಖ್ಯ ರಾಸಾಯನಿಕ ಆಕ್ಸಿಟೋಸಿನ್. ಪಿಟ್ಯುಟರಿ ಗ್ರಂಥಿಯ ಸಾರಕ್ಕೆ ಗರ್ಭಕೋಶವನ್ನು ಸಂಕೋಚಿಸುವ ಶಕ್ತಿಯಿದೆ ಎಂದು ಲಂಡನ್ನಿನ ಹೆನ್ರಿ ಡೇಲ್ 1906ರಲ್ಲಿ ಕಂಡುಕೊಂಡರು. ಅಮೆರಿಕದ ವಿನ್ಸೆಂಟ್ ದು ವಿನ್ಯೋ ಆಕ್ಸಿಟೋಸಿನ್ನನ್ನು 1953ರಲ್ಲಿ ಪ್ರಯೋಗಾಲಯದಲ್ಲೇ ತಯಾರಿಸಿ, 1955ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಇವತ್ತು ‘ನೋವು ಬರಿಸುವ ಡ್ರಿಪ್’ ಎಂದು ನಾವು ಹೇಳುವುದು ಅದನ್ನೇ.

ದೇಹದೊಳಗಿನ ಬಹುತೇಕ ವ್ಯವಸ್ಥೆಗಳು ಏರಿದ್ದನ್ನು ಇಳಿಸುವ ಸ್ವಭಾವದವು. ಜ್ವರ ಏರಿದರೆ ಬೆವರು, ಸಕ್ಕರೆ ಏರಿದರೆ ಇನ್ಸುಲಿನ್. ಹೆರಿಗೆ ಇದಕ್ಕೆ ತಿರುಗುಮುರುಗು. ಮಗುವಿನ ತಲೆ ಗರ್ಭಕಂಠವನ್ನು ಒತ್ತುತ್ತದೆ, ಆ ಸುದ್ದಿ ಮಿದುಳಿಗೆ ಮುಟ್ಟುತ್ತದೆ, ಮಿದುಳು ಆಕ್ಸಿಟೋಸಿನ್ ಸುರಿಸುತ್ತದೆ, ಗರ್ಭಕೋಶ ಹಿಂಡುತ್ತದೆ, ತಲೆ ಇನ್ನಷ್ಟು ಜೋರಾಗಿ ಒತ್ತುತ್ತದೆ. ಮಗು ಹೊರಗೆ ಬರುವವರೆಗೆ ಈ ಚಕ್ರ ಏರುತ್ತಲೇ ಹೋಗುತ್ತದೆ. ಇದಕ್ಕೆ ಅಡ್ಡಗಾಲು ಹಾಕುವುದು ಅಡ್ರಿನಲಿನ್, ಅಂದರೆ ಹೆದರಿಕೆಯ ಹಾರ್ಮೋನು. ಅದು ಏರಿದರೆ ಗರ್ಭಕೋಶದ ಸ್ನಾಯುಗಳು ಸಡಿಲಾಗುತ್ತವೆ, ನೋವು ಹಿಂಜರಿಯುತ್ತದೆ. ಪರಿಚಯವಿಲ್ಲದ ಕೋಣೆ, ಕಣ್ಣಿಗೆ ಹೊಡೆಯುವ ದೀಪ, ಪಕ್ಕದ ಮಂಚದ ಕೂಗು, ‘ಕಿರುಚಬೇಡ’ ಎಂಬ ಗದರಿಕೆ, ತನ್ನವರು ಒಬ್ಬರೂ ಇಲ್ಲ. ಮೊದಲ ಸಲ ಹೆರುತ್ತಿರುವ ಹುಡುಗಿಯ ಅಡ್ರಿನಲಿನ್ ಏರಲು ಇನ್ನೇನು ಬೇಕು?

ಗಂಡನ ಕೆಲಸ ಇಲ್ಲಿ ಶುರುವಾಗುತ್ತದೆ. ಹೆರಿಗೆಯ ಉದ್ದಕ್ಕೂ ಒಬ್ಬರು ಜೊತೆಗಿದ್ದರೆ ಏನಾಗುತ್ತದೆ ಎಂಬುದರ ಬಗ್ಗೆ 17 ದೇಶಗಳ 15 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲಿನ ಪ್ರಯೋಗಗಳನ್ನು ಒಟ್ಟುಮಾಡಿ ಕಾಕ್ರೇನ್ ಸಂಸ್ಥೆ 2017ರಲ್ಲಿ ವರದಿ ಕೊಟ್ಟಿತು. ಜೊತೆಗಾರರಿದ್ದಲ್ಲಿ ಸಿಸೇರಿಯನ್ ಸುಮಾರು ಕಾಲುಭಾಗ ಕಡಿಮೆ, ನೋವಿನ ಅವಧಿ ಸರಾಸರಿ 40 ನಿಮಿಷ ಕಡಿಮೆ, ಹೆರಿಗೆಯ ಬಗ್ಗೆ ಕಹಿ ನೆನಪೂ ಕಡಿಮೆ. ಜೊತೆಗಾರರು ಗಂಡನೇ ಆಗಬೇಕೆಂದಿಲ್ಲ. ತಾಯಿಯಾಗಲಿ ಅಕ್ಕನಾಗಲಿ ಸರಿಯೇ. ಹಿಂದೆ ಈ ಜಾಗದಲ್ಲಿ ಸೂಲಗಿತ್ತಿ ಇದ್ದಳು. 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ಸೂಲಗಿತ್ತಿ ನರಸಮ್ಮನಂಥವರು ಹೆರುವವಳ ಬೆನ್ನು ನೀವುತ್ತ ಪಕ್ಕದಲ್ಲೇ ಇರುತ್ತಿದ್ದರು. ಹೆರಿಗೆ ಆಸ್ಪತ್ರೆಗೆ ಬಂದದ್ದು ಒಳ್ಳೆಯದೇ ಆಯಿತು. ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ. ಬೆನ್ನು ನೀವುವವರು ಮಾತ್ರ ಬಾಗಿಲಾಚೆ ಉಳಿದರು.

ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಗೆ ಒಬ್ಬ ಜೊತೆಗಾರ್ತಿಯನ್ನು ಒಳಗೆ ಬಿಡಬಹುದು ಎಂದು ಕೇಂದ್ರ ಸರ್ಕಾರ 2016ರಲ್ಲೇ ಸೂಚಿಸಿದೆ. ಮರೆ, ಪರದೆಗಳ ವ್ಯವಸ್ಥೆ ಇದ್ದಲ್ಲಿ ಗಂಡನನ್ನೂ ಬಿಡಬಹುದು ಎಂಬ ಮಾತು ಅದರಲ್ಲಿದೆ. ಒಂದೇ ಕೋಣೆಯಲ್ಲಿ ನಾಲ್ಕು ಮಂಚ ಹಾಕಿದ ತಾಲ್ಲೂಕು ಆಸ್ಪತ್ರೆಯಲ್ಲಿ ಇದು ಹೇಗೆ ಸಾಧ್ಯ ಎಂದು ಕೇಳಿದರೆ, ನ್ಯಾಯವಾದ ಆಕ್ಷೇಪವೇ. ಅಲ್ಲಿ ತಾಯಿಯೋ ಅಕ್ಕನೋ ಹೋಗಲಿ. ಪ್ರತ್ಯೇಕ ಕೋಣೆಗೆ ಸಾವಿರಾರು ರೂಪಾಯಿ ತೆಗೆದುಕೊಳ್ಳುವ ಖಾಸಗಿ ಆಸ್ಪತ್ರೆಯೂ ಗಂಡನನ್ನು ಹೊರಗೆ ನಿಲ್ಲಿಸಿದರೆ ಅದಕ್ಕೆ ನೆಪ ಹುಡುಕಬೇಕಾಗುತ್ತದೆ. ಒಳಗೆ ಹೋದವನು ತಲೆಯ ಕಡೆ ಇರಬೇಕು, ಸೊಂಟ ಒತ್ತಬೇಕು, ಗುಟುಕು ನೀರು ಕೊಡಬೇಕು, ನಡೆಯುತ್ತೇನೆಂದರೆ ಕೈ ಹಿಡಿದು ನಡೆಸಬೇಕು, ಉಸಿರು ಬಿಡುವುದನ್ನು ನೆನಪಿಸಬೇಕು. ಮೊಬೈಲ್ ಜೇಬಿನಲ್ಲೇ ಇರಲಿ.

ಇನ್ನು ಮಗು. ಒಂಬತ್ತು ತಿಂಗಳೂ ಅದರ ಶ್ವಾಸಕೋಶದಲ್ಲಿ ತುಂಬಿದ್ದದ್ದು ನೀರು. ಆಮ್ಲಜನಕ ಬರುತ್ತಿದ್ದುದು ಹೊಕ್ಕುಳಬಳ್ಳಿಯಿಂದ. ಹೃದಯದ ಬಲ ಎಡ ಕೋಣೆಗಳ ನಡುವೆ ಒಂದು ಕಿಂಡಿ, ದೊಡ್ಡ ರಕ್ತನಾಳಗಳ ನಡುವೆ ಒಂದು ಒಳದಾರಿ ಇದ್ದು, ಬಹುಪಾಲು ರಕ್ತ ಶ್ವಾಸಕೋಶವನ್ನು ಬಿಟ್ಟು ಸುತ್ತುಹಾದಿಯಲ್ಲೇ ಹೋಗುತ್ತಿತ್ತು. ನೋವಿನ ಹೊತ್ತಿನಲ್ಲಿ ಮಗುವಿನ ದೇಹದಲ್ಲೂ ಅಡ್ರಿನಲಿನ್ ಏರುತ್ತದೆ. ತಾಯಿಗೆ ಅಡ್ಡಿಯಾದದ್ದು ಮಗುವಿಗೆ ಉಪಕಾರಿ, ಏಕೆಂದರೆ ಶ್ವಾಸಕೋಶ ಆ ನೀರನ್ನು ಹೀರಿ ಖಾಲಿ ಮಾಡಲು ಅದೇ ಸೂಚನೆ. ಮೊದಲ ಅಳುವಿನೊಡನೆ ಗಾಳಿ ನುಗ್ಗುತ್ತದೆ, ಶ್ವಾಸಕೋಶದ ನಾಳಗಳು ತೆರೆಯುತ್ತವೆ, ಒತ್ತಡ ಬದಲಾಗಿ ಹೃದಯದ ಕಿಂಡಿ ಮುಚ್ಚಿಕೊಳ್ಳುತ್ತದೆ. ಒಳದಾರಿ ಒಂದು ದಿನದಿಂದ ಮೂರು ದಿನದೊಳಗೆ ಕಟ್ಟಿಕೊಳ್ಳುತ್ತದೆ. ಹೊರಬಿದ್ದ ಕೂಸು ನೀಲಿಯಾಗಿ ಕಂಡಿತೆಂದು ಎಷ್ಟೋ ಅಪ್ಪಂದಿರ ಜೀವ ಬಾಯಿಗೆ ಬರುತ್ತದೆ. ಹುಟ್ಟಿದ ಮೊದಲ ನಿಮಿಷದಲ್ಲಿ ಮಗುವಿನ ರಕ್ತದ ಆಮ್ಲಜನಕ ಶೇಕಡಾ 60ರ ಆಸುಪಾಸಿನಲ್ಲಿರುವುದು ಸಹಜ. ಅದು 90ಕ್ಕೆ ಏರಲು ಹತ್ತು ನಿಮಿಷ ಹಿಡಿಯಬಹುದು.

ಹೊಕ್ಕುಳಬಳ್ಳಿಯನ್ನು ಹುಟ್ಟಿದ ಕ್ಷಣವೇ ಕತ್ತರಿಸುವ ಪದ್ಧತಿಯೂ ಹಳತಾಯಿತು. ತುರ್ತು ಚಿಕಿತ್ಸೆ ಬೇಕಿಲ್ಲದಿದ್ದರೆ ಕನಿಷ್ಠ ಒಂದು ನಿಮಿಷ ಬಿಟ್ಟು ಕತ್ತರಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟರಲ್ಲಿ ಮಾಸಿನಲ್ಲಿ ಉಳಿದಿದ್ದ ರಕ್ತ ಮಗುವಿಗೆ ಸೇರಿ, ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣಾಂಶದ ಗಂಟು ಸಿಗುತ್ತದೆ. ರಕ್ತಹೀನತೆ ಇಷ್ಟು ಹಬ್ಬಿರುವ ನಾಡಿನಲ್ಲಿ ಖರ್ಚಿಲ್ಲದ ಔಷಧ ಇದು.

ಮಗು ಅತ್ತ ಮೇಲೆ ಹೊರಗಿನವರ ಗಮನ ಪೂರ್ತಿ ಕೂಸಿನ ಕಡೆ ತಿರುಗುತ್ತದೆ. ಗಂಡೋ ಹೆಣ್ಣೋ, ತೂಕ ಎಷ್ಟು, ಯಾರ ಮೂಗು, ಯಾವ ನಕ್ಷತ್ರ. ತಾಯಿಗೆ ಅತ್ಯಂತ ಅಪಾಯದ ಹೊತ್ತು ಶುರುವಾಗುವುದು ಆಗಲೇ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದ ಜಾಗದ ನಾಳಗಳನ್ನು ಮುಚ್ಚಬೇಕಾದದ್ದು ಗರ್ಭಕೋಶದ ಅಡ್ಡಾದಿಡ್ಡಿ ಹೆಣೆದ ಸ್ನಾಯುಗಳು. ಅವು ದಣಿದು ಸಡಿಲವಾದರೆ ನಿಮಿಷಗಳಲ್ಲಿ ಜೀವ ಹೋಗಬಹುದು. ಮಗು ಹುಟ್ಟಿದ ಕೂಡಲೇ ಆಕ್ಸಿಟೋಸಿನ್ ಚುಚ್ಚುವುದು ಇದಕ್ಕೇ. ಮಗುವನ್ನು ಎದೆಗೆ ಹಾಕಿದರೂ ಅದೇ ಹಾರ್ಮೋನು ಬಿಡುಗಡೆಯಾಗುತ್ತದೆ.

ಈ ಕಥೆಯಲ್ಲಿ ಬೆಳಗಾವಿಗೆ ದೊಡ್ಡ ಪಾಲಿದೆ. ಆಕ್ಸಿಟೋಸಿನ್ನಿಗೆ ಫ್ರಿಜ್ ಬೇಕು, ಸೂಜಿ ಬೇಕು. ಇವೆರಡೂ ಇಲ್ಲದ ಹಳ್ಳಿಗೆ ಮಿಸೊಪ್ರೊಸ್ಟಾಲ್ ಮಾತ್ರೆ ಆದೀತೇ ಎಂದು ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಜ್ಞರು ವಿದೇಶಿ ಸಹೋದ್ಯೋಗಿಗಳ ಜೊತೆ ಪರೀಕ್ಷಿಸಿದರು. ಬೆಳಗಾವಿ ಜಿಲ್ಲೆಯ 1,620 ಗ್ರಾಮೀಣ ಹೆಂಗಸರು ಅದರಲ್ಲಿ ಪಾಲ್ಗೊಂಡರು. ಮಾತ್ರೆ ಕೊಟ್ಟವರು ನಮ್ಮ ಎಎನ್‌ಎಂಗಳು, ಅಂದರೆ ಹಳ್ಳಿಯ ಸಹಾಯಕ ದಾದಿಯರು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಅತಿರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿದಿತ್ತು. ರಕ್ತವನ್ನು ಕಣ್ಣಂದಾಜಿಗೆ ಬಿಡದೆ, ಅಳತೆಗೆರೆಗಳಿರುವ ಪ್ಲಾಸ್ಟಿಕ್ ಹಾಸನ್ನು ಬಾಣಂತಿಯ ಕೆಳಗೆ ಹಾಸಿ ಅಳೆದದ್ದು ಆ ಪ್ರಯೋಗದ ಇನ್ನೊಂದು ಕೊಡುಗೆ. ಅಂಥದೇ ಹಾಸು, ಕೂಡಲೇ ಕೊಡುವ ಚಿಕಿತ್ಸೆಯ ಕಟ್ಟು ಎರಡನ್ನೂ ಸೇರಿಸಿ ಆಫ್ರಿಕಾದ ನಾಲ್ಕು ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ನಡೆಸಿದ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳು ಶೇಕಡಾ 60ರಷ್ಟು ತಗ್ಗಿದವು. ಆದ್ದರಿಂದ ಹೊರಬಂದ ನರ್ಸಮ್ಮನನ್ನು ಗಂಡ ಕೇಳಬೇಕಾದ ಮೊದಲ ಪ್ರಶ್ನೆ ‘ಅವಳು ಹೇಗಿದ್ದಾಳೆ, ರಕ್ತ ನಿಂತಿತೇ?’ ಎಂದು.

ಅಪ್ಪನ ದೇಹವೂ ಸುಮ್ಮನಿರುವುದಿಲ್ಲ. ಫಿಲಿಪ್ಪೀನ್ಸಿನ ಸೆಬು ಪ್ರದೇಶದ 600ಕ್ಕೂ ಹೆಚ್ಚು ಯುವಕರನ್ನು ಹಲವು ವರ್ಷ ಹಿಂಬಾಲಿಸಿದ ಲೀ ಗೆಟ್ಲರ್ ಮತ್ತು ಸಂಗಡಿಗರು, ಅಪ್ಪನಾದವರ ಟೆಸ್ಟೋಸ್ಟಿರಾನ್ ಸ್ಪಷ್ಟವಾಗಿ ಇಳಿದದ್ದನ್ನು 2011ರಲ್ಲಿ ವರದಿ ಮಾಡಿದರು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಮಗುವನ್ನು ನೋಡಿಕೊಳ್ಳುವವರಲ್ಲಿ ಅದು, ಮಗುವಿನ ಕೆಲಸಕ್ಕೆ ಕೈ ಹಾಕದ ಅಪ್ಪಂದಿರಿಗಿಂತ ಕಡಿಮೆ ಇತ್ತು. ಇಸ್ರೇಲಿನ ರೂತ್ ಫೆಲ್ಡ್‌ಮನ್ ತಂಡ ಚೊಚ್ಚಲು ಮಗುವಿನ 80 ದಂಪತಿಗಳನ್ನು ಪರೀಕ್ಷಿಸಿದಾಗ ಅಪ್ಪಂದಿರ ಆಕ್ಸಿಟೋಸಿನ್ ಮಟ್ಟ ತಾಯಂದಿರಷ್ಟೇ ಇತ್ತು. ಹೆತ್ತವಳ ಮಿದುಳು ಗರ್ಭ, ಹೆರಿಗೆಗಳಿಂದ ಮಾರ್ಪಾಡಾಗುತ್ತದೆ. ಅದು ಎರಡು ವರ್ಷವಾದರೂ ಉಳಿಯುತ್ತದೆ ಎಂದು 2016ರ ಸ್ಪೇನಿನ ಅಧ್ಯಯನ ತೋರಿಸಿತು. ಗಂಡಸಿಗೆ ಗರ್ಭವಿಲ್ಲ. ಅವನನ್ನು ಅಪ್ಪನನ್ನಾಗಿ ಮಾಡುವುದು ಮಗುವನ್ನು ಎತ್ತಿಕೊಂಡ ಹೊತ್ತು, ಬಟ್ಟೆ ಬದಲಿಸಿದ ಹೊತ್ತು, ತೇಗಿಸಿದ ಹೊತ್ತು. ತಾಯಿ ಸಿಸೇರಿಯನ್ ಟೇಬಲ್ಲಿನ ಮೇಲಿದ್ದಾಗ ಅಪ್ಪನ ಬರಿ ಎದೆಗೆ ಒರಗಿಸಿದ ಮಕ್ಕಳು ತೊಟ್ಟಿಲಲ್ಲಿ ಮಲಗಿಸಿದ ಮಕ್ಕಳಿಗಿಂತ ಬೇಗ ಅಳು ನಿಲ್ಲಿಸುತ್ತಾರೆ ಎಂದು ಸ್ವೀಡನ್ನಿನಲ್ಲಿ ಕಂಡಿದ್ದಾರೆ.

ಹಾಗೆ ನೋಡಿದರೆ ನಮ್ಮ ಮೂರು, ಐದು ತಿಂಗಳ ತವರಿನ ಬಾಣಂತನ ತಾಯಿಗೆ ಒಳ್ಳೆಯ ಆರೈಕೆ, ಅಪ್ಪನಿಗೆ ನಷ್ಟ. ಭಾರತದ ಬಾಣಂತಿಯರಲ್ಲಿ ನೂರಕ್ಕೆ 22 ಮಂದಿ ಖಿನ್ನತೆಗೆ ಒಳಗಾಗುತ್ತಾರೆ ಎಂಬ ಅಂದಾಜಿದೆ. ಅದನ್ನು ಮೊದಲು ಗುರುತಿಸಬಲ್ಲವನು ಅವಳ ಸ್ವಭಾವ ಬಲ್ಲ ಗಂಡ. ಭಾನುವಾರ ಸಂಜೆ ಬಂದು ಸೋಮವಾರದ ಬಸ್ಸು ಹಿಡಿಯುವವನಿಗೆ ಅದು ಕಾಣುವುದಿಲ್ಲ. ಬಾಣಂತನ ತವರಿನಲ್ಲೇ ಆಗಲಿ, ಅವನೂ ಅಲ್ಲೇ ಹದಿನೈದು ದಿನ ಉಳಿಯಲಿ. ಅಳಿಯನ ಉಪಚಾರದ ಹೊರೆ ಬೀಳದಂತೆ, ಮಗುವಿನ ಬಟ್ಟೆ ಒಗೆಯುವ ಅಳಿಯನಾಗಿ ಉಳಿಯಲಿ.

ಸರ್ಕಾರಿ ನೌಕರರಿಗೆ 15 ದಿನದ ಪಿತೃತ್ವ ರಜೆ ಇದೆ. ಅದನ್ನು ನಾಮಕರಣದ ಓಡಾಟಕ್ಕೆ ಎತ್ತಿಡಬೇಡಿ, ಹೆರಿಗೆಯಾದ ದಿನದಿಂದಲೇ ಹಾಕಿ. ಖಾಸಗಿ ನೌಕರಿಯವರು ಏಳನೆಯ ತಿಂಗಳಲ್ಲೇ ರಜೆ ಮಾತಾಡಿಕೊಳ್ಳಿ. ಮುಂದಿನ ಸಲ ಗಂಡ ಹೆಂಡತಿ ಇಬ್ಬರೂ ತಪಾಸಣೆಗೆ ಹೋದಾಗ ಆಸ್ಪತ್ರೆಯವರನ್ನು ಬಾಯಿಬಿಟ್ಟು ಕೇಳಿಬಿಡಿ: ಹೆರಿಗೆ ಕೋಣೆಗೆ ಒಬ್ಬರನ್ನು ಜೊತೆಗೆ ಬಿಡುತ್ತೀರಾ, ಬಳ್ಳಿ ಕತ್ತರಿಸುವ ಮುನ್ನ ಒಂದು ನಿಮಿಷ ಕಾಯುತ್ತೀರಾ, ರಕ್ತವನ್ನು ಅಳೆಯುತ್ತೀರಾ? ನೋವು ಶುರುವಾದ ಮೇಲೆ ಇದನ್ನು ಕೇಳಲು ಪುರುಸೊತ್ತಿರುವುದಿಲ್ಲ.