ಹದಿನೆಂಟಕ್ಕೇ ‘ಹಿರಿಯ’!

ಬಿಳಿ ಅಂಗಿ, ಟೈ, ಎದೆ ಮೇಲೆ ಹೆಸರಿನ ಕಪ್ಪು ಬಿಲ್ಲೆ. ಯಾವಾಗಲೂ ಜೋಡಿಯಲ್ಲೇ ಓಡಾಟ. ಇವರು ಅಮೆರಿಕದ ಯೂಟಾದಲ್ಲಿ ಕೇಂದ್ರ ಇರುವ ಮಾರ್ಮನ್ ಚರ್ಚಿನ ಹುಡುಗರು. ಬ್ರೆಜಿಲ್, ಫಿಲಿಪ್ಪೀನ್ಸ್ ಬೀದಿಗಳಲ್ಲಿ ಮಾಮೂಲು ನೋಟ. ಬೆಂಗಳೂರಿನಲ್ಲೂ 1993ರಲ್ಲಿ ಇವರ ಮಿಷನ್ ಶುರುವಾಯಿತು. ಮೀಸೆ ಸರಿಯಾಗಿ ಚಿಗುರದಿದ್ದರೂ ಕರೆಯುವುದು ‘ಎಲ್ಡರ್’ ಅಂತ. ಅಂದರೆ ಹಿರಿಯ!

ಹುಡುಗರಿಗೆ 2 ವರ್ಷ, ಹುಡುಗಿಯರಿಗೆ 18 ತಿಂಗಳು ಸೇವೆ. ಸಂಬಳ ನಯಾಪೈಸೆ ಇಲ್ಲ. ಖರ್ಚು ಸಾಮಾನ್ಯವಾಗಿ ಸ್ವಂತದ್ದು, ಇಲ್ಲವೇ ಅಪ್ಪನ ಜೇಬಿನದು. ಬೆಳಿಗ್ಗೆ ಆರೂವರೆಗೆ ಏಳಬೇಕು. ವ್ಯಾಯಾಮ, ಓದು, ಆ ಊರಿನ ಭಾಷೆ ಕಲಿಕೆ; ಆಮೇಲೆ ದಿನವಿಡೀ ಬೀದಿ ಸುತ್ತಾಟ. ಕೆಲವರು ಕೂರಿಸಿ ನೀರು ಕೊಡುತ್ತಾರೆ, ಕೆಲವರು ಬೇಡಾಂತ ಬಾಗಿಲು ಹಾಕುತ್ತಾರೆ. ರಾತ್ರಿ ಹತ್ತೂವರೆಗೆ ದೀಪ ಆರಲೇಬೇಕು. ಜೊತೆಗಾರನನ್ನು ಬಿಟ್ಟು ಒಬ್ಬನೇ ತಿರುಗುವಂತಿಲ್ಲ. ಪ್ರೇಮ-ಗೀಮ? ಹೆಸರೆತ್ತಬೇಡಿ! ವಾರಕ್ಕೊಂದು ದಿನ ಬಟ್ಟೆ ಒಗೆತ, ಸಾಮಾನು ಖರೀದಿ.

ಇದೆಲ್ಲ ಹೇಗೋ ತಡೆದುಕೊಳ್ಳಬಹುದು ಸ್ವಾಮಿ. ಅಮ್ಮನ ದನಿ? 2019ರವರೆಗೆ ಮನೆಗೆ ಫೋನು ವರ್ಷಕ್ಕೆ ಎರಡೇ ಸಲ: ಕ್ರಿಸ್‌ಮಸ್‌ಗೊಂದು, ಅಮ್ಮಂದಿರ ದಿನಕ್ಕೊಂದು. ಉಳಿದಂತೆ ಬರೇ ಕಾಗದ, ಇಮೇಲು. ಆ ವರ್ಷದ ಫೆಬ್ರವರಿಯಲ್ಲಿ ಚರ್ಚು ಪಟ್ಟು ಸಡಿಲಿಸಿತು. ಈಗ ವಾರಕ್ಕೊಮ್ಮೆ ಮಾತಾಡಬಹುದು.

ಇವರ ಬೋಧನೆ ಒಪ್ಪುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಮಗನನ್ನು ದುಬೈಗೆ ಕಳಿಸಿ ಫೋನಿನ ಗಂಟೆಗೆ ಕಿವಿಗೊಟ್ಟು ಕೂತ ನಮ್ಮ ತಾಯಂದಿರಿಗೆ ಆ ಒಂದು ಕರೆಯ ಬೆಲೆ ಯಾರೂ ಹೇಳಿಕೊಡಬೇಕಿಲ್ಲ.