ಆಟೋಮ್ಯಾಟಿಕ್ ಸ್ಪೋರ್ಟ್ಸ್ ಕಾರಿಗೆ ಕ್ಲಚ್, ಗೇರ್ ಹಾಕಿಸಬಹುದಾ? ಹಳೇ ಸೂಪ್ರಾ ಕಾರಿನ ಲೆಕ್ಕ ಇಲ್ಲಿದೆ

ರೀಲ್ಸ್ ನೋಡುವ ಹುಡುಗರಿಗೆ ಟೊಯೊಟಾ ಸೂಪ್ರಾ ಕಾರಿನ ಪರಿಚಯ ಮಾಡಿಕೊಡಬೇಕಿಲ್ಲ. 2001ರಲ್ಲಿ ಬಂದ ‘ದಿ ಫಾಸ್ಟ್ ಆ್ಯಂಡ್ ದಿ ಫ್ಯೂರಿಯಸ್’ ಸಿನಿಮಾದ ಆ ಕಿತ್ತಳೆ ಬಣ್ಣದ ಕಾರು ಇವತ್ತಿಗೂ ಮೊಬೈಲ್‌ಗಳಲ್ಲಿ ಓಡುತ್ತಲೇ ಇದೆ. ಆದರೆ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಆ ಕಾಲದಲ್ಲಿ ತಯಾರಾದ ಸೂಪ್ರಾಗಳಲ್ಲಿ ಆಟೋಮ್ಯಾಟಿಕ್ ಗೇರ್ ಬಾಕ್ಸ್‌ನವೂ ಸಾಕಷ್ಟಿವೆ. ಕ್ಲಚ್ ಇರುವ 6 ಗೇರಿನ ಟರ್ಬೊ ಕಾರಿಗೆ ಈಗ ಚಿನ್ನದ ಬೆಲೆ. ಆಟೋಮ್ಯಾಟಿಕ್ ಅದಕ್ಕಿಂತ ಅಗ್ಗ. ಹಾಗಾಗಿ ಜಪಾನ್, ಅಮೆರಿಕ, ಬ್ರಿಟನ್, ಗಲ್ಫ್ ದೇಶಗಳಲ್ಲಿ ಎಷ್ಟೋ ಮಂದಿ ಆಟೋಮ್ಯಾಟಿಕ್ ಕಾರು ತಗೊಂಡು, ಆಮೇಲೆ ಮ್ಯಾನುವಲ್ ಮಾಡಿಸಿಕೊಳ್ಳುತ್ತಾರೆ.

‘ಗೇರ್ ಬಾಕ್ಸ್ ಇಳಿಸೋದು, ಬೇರೆ ಏರಿಸೋದು, ಅಷ್ಟೇ ತಾನೆ?’ ಅಂತ ಅನ್ನಿಸಬಹುದು. ಅಷ್ಟೇ ಅಲ್ಲ. ಲೆಕ್ಕ ತಪ್ಪಿದರೆ ಕಾರು ವರ್ಷಗಟ್ಟಲೆ ಶೆಡ್ಡಿನಲ್ಲೇ ನಿಲ್ಲುತ್ತದೆ. ಲೆಕ್ಕ ಸರಿಯಾಗಿ, ಕಾನೂನು ತಪ್ಪಿದರೆ ರಸ್ತೆಗೇ ಇಳಿಸುವಂತಿಲ್ಲ. ಪೂರ್ತಿ ವಿಷಯ ಇಲ್ಲಿದೆ.

ಎರಡಕ್ಕೂ ವ್ಯತ್ಯಾಸ ಏನು?

ಮ್ಯಾನುವಲ್ ಕಾರಿನಲ್ಲಿ ಎಂಜಿನ್ ಹಿಂದೆ ಫ್ಲೈವೀಲ್ ಎಂಬ ಭಾರದ ಚಕ್ರ ಇರುತ್ತದೆ. ಅದಕ್ಕೆ ಕ್ಲಚ್ ಪ್ಲೇಟ್ ಒತ್ತಿಕೊಂಡು ನಿಂತಿರುತ್ತದೆ. ಪೆಡಲ್ ತುಳಿದಾಗ ಒತ್ತಡ ಬಿಟ್ಟು, ಎಂಜಿನ್‌ಗೂ ಗೇರ್ ಬಾಕ್ಸ್‌ಗೂ ಸಂಬಂಧ ಕಡಿಯುತ್ತದೆ. ಆಗ ಗೇರ್ ಬದಲಾಯಿಸಬಹುದು.

ಹಳೇ ಮಾದರಿಯ ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಪೆಡಲ್ ಇಲ್ಲ. ಅದರ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಎಂಬ ಎಣ್ಣೆ ತುಂಬಿದ ದುಂಡನೆಯ ಡಬ್ಬಿ. ಎದುರುಬದುರು ಎರಡು ಫ್ಯಾನ್ ಇಟ್ಟು, ಒಂದನ್ನು ಮಾತ್ರ ಹಾಕಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಹಾಗೆ. ಇಲ್ಲಿ ಗಾಳಿಯ ಬದಲು ಎಣ್ಣೆ. ಎಂಜಿನ್ ಒಂದು ಕಡೆ ಎಣ್ಣೆ ತಿರುಗಿಸುತ್ತದೆ, ಆ ಎಣ್ಣೆ ಇನ್ನೊಂದು ಕಡೆ ಗೇರ್ ಬಾಕ್ಸ್ ತಿರುಗಿಸುತ್ತದೆ. ಸಿಗ್ನಲ್‌ನಲ್ಲಿ ಗೇರ್ ತೆಗೆಯದೆ ಬ್ರೇಕ್ ಹಿಡಿದು ನಿಂತರೂ ಎಂಜಿನ್ ಆಫ್ ಆಗದೇ ಇರೋದು ಇದರಿಂದಲೇ.

ನಾಲ್ಕನೇ ತಲೆಮಾರಿನ ಸೂಪ್ರಾ, ಅಂದರೆ ಎ80, ಬಂದಿದ್ದು 1993ರಲ್ಲಿ. ತಯಾರಿ ನಿಂತಿದ್ದು 2002ರಲ್ಲಿ. 3 ಲೀಟರಿನ 6 ಸಿಲಿಂಡರ್ ಎಂಜಿನ್. ಟರ್ಬೊ ಇಲ್ಲದ ಮ್ಯಾನುವಲ್ ಕಾರಿಗೆ ಡಬ್ಲ್ಯು58 ಎಂಬ 5 ಗೇರಿನ ಬಾಕ್ಸ್. ಎರಡು ಟರ್ಬೊ ಇರುವ ಕಾರಿಗೆ ಜರ್ಮನಿಯ ಗೆಟ್ರಾಗ್ ಕಂಪನಿಯ ವಿ160 ಎಂಬ 6 ಗೇರಿನ ಬಾಕ್ಸ್. ಆಟೋಮ್ಯಾಟಿಕ್ ಬೇಕೆಂದವರಿಗೆ ಎ340ಇ ಎಂಬ 4 ಗೇರಿನ ಬಾಕ್ಸ್.

ಯಾವ ಗೇರ್ ಬಾಕ್ಸ್ ಹಾಕೋದು?

ಮೊದಲ ತಲೆನೋವು ಇದೇ. ಕಂಪನಿಯ ವಿ160 ಸಿಕ್ಕಿದರೆ ಕೆಲಸ ಸಲೀಸು, ಎಲ್ಲವೂ ಕೂತ ಜಾಗದಲ್ಲಿ ಕೂರುತ್ತದೆ. ಆದರೆ ಅದು ಸಿಗೋದೇ ಕಷ್ಟ. ಸಿಕ್ಕಿದರೂ ಬೆಲೆ ಕೇಳಿದರೆ ಎದೆ ಧಸಕ್ ಎನ್ನುತ್ತದೆ.

ಡಬ್ಲ್ಯು58 ಅಗ್ಗ. ಆದರೆ ಅದು ಟರ್ಬೊ ಇಲ್ಲದ ಎಂಜಿನ್‌ಗೆ ಮಾಡಿದ್ದು. ಟರ್ಬೊ ಎಂಜಿನ್‌ಗೆ ಅದನ್ನೇ ಕೊಟ್ಟು ಜೋರಾಗಿ ಓಡಿಸಿದರೆ ಹೆಚ್ಚು ದಿನ ಬಾಳೋದಿಲ್ಲ.

ನಡುವಿನ ದಾರಿ ಆರ್154. ಇದೂ ಟೊಯೊಟಾದ್ದೇ, 5 ಗೇರು. ಹಿಂದಿನ ತಲೆಮಾರಿನ ಸೂಪ್ರಾ ಟರ್ಬೊದಲ್ಲಿ, ಜಪಾನಿನ ಚೇಸರ್‌ನಂಥ ಟರ್ಬೊ ಕಾರುಗಳಲ್ಲಿ ಬಂದದ್ದು. ಅಲ್ಲಿದ್ದ 1ಜೆಝಡ್ ಎಂಜಿನ್ ಮತ್ತು ಸೂಪ್ರಾದ 2ಜೆಝಡ್ ಎಂಜಿನ್ ಒಂದೇ ಕುಟುಂಬದವು. ಗೇರ್ ಬಾಕ್ಸ್ ಕಚ್ಚುವ ಬೋಲ್ಟ್ ತೂತುಗಳು ಹೊಂದುತ್ತವೆ. ಹಾಗಾಗಿ 1ಜೆಝಡ್‌ನ ಬೆಲ್ ಹೌಸಿಂಗ್ ಸಮೇತ ಆರ್154 ತಂದರೆ ಎಂಜಿನ್‌ಗೆ ನೇರವಾಗಿ ಕೂರುತ್ತದೆ. ಇದಲ್ಲದೆ ನಿಸಾನ್ 350ಝಡ್ ಕಾರಿನ 6 ಗೇರಿನ ಬಾಕ್ಸನ್ನು ಅಡಾಪ್ಟರ್ ಪ್ಲೇಟ್ ಇಟ್ಟು ಕೂರಿಸುವವರೂ ಇದ್ದಾರೆ.

ಅನುಭವಿ ಮೆಕ್ಯಾನಿಕ್‌ಗಳ ಮಾತು ಒಂದೇ: ಬಿಡಿಬಿಡಿಯಾಗಿ ಸಾಮಾನು ಹುಡುಕಬೇಡಿ. ಅಪಘಾತವಾಗಿ ಗುಜರಿಗೆ ಬಂದ ಒಂದೇ ಮ್ಯಾನುವಲ್ ಕಾರಿನಿಂದ ಪೆಡಲ್‌ನಿಂದ ಹಿಡಿದು ನಟ್ಟು ಬೋಲ್ಟಿನವರೆಗೆ ಎಲ್ಲವನ್ನೂ ತಗೊಳ್ಳಿ. ದೊಡ್ಡ ಸಾಮಾನು ದುಡ್ಡು ತಿನ್ನುತ್ತದೆ, ಚಿಕ್ಕ ಸಾಮಾನು ದಿನ ತಿನ್ನುತ್ತದೆ.

ಏನೇನು ಬಿಚ್ಚಬೇಕು, ಏನೇನು ಹಾಕಬೇಕು?

ಕಾರನ್ನು ಲಿಫ್ಟಿಗೆ ಏರಿಸಿ, ಬ್ಯಾಟರಿ ತೆಗೆದು, ಮೊದಲು ಆಟೋಮ್ಯಾಟಿಕ್ ಬಾಕ್ಸಿನ ಎಣ್ಣೆ ಇಳಿಸಬೇಕು. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಟಾರ್ಕ್ ಕನ್ವರ್ಟರ್ ಸಮೇತ ಬಾಕ್ಸನ್ನು ಜಾಕ್ ಮೇಲೆ ಇಳಿಸಬೇಕು. ಆಟೋಮ್ಯಾಟಿಕ್‌ನ ಎಣ್ಣೆ ತಣ್ಣಗಾಗಲು ರೇಡಿಯೇಟರ್‌ವರೆಗೆ ಹೋಗುವ ಎರಡು ಪೈಪುಗಳಿರುತ್ತವೆ. ಅವನ್ನೂ ತೆಗೆದು ಬಾಯಿ ಮುಚ್ಚಬೇಕು.

ಆಮೇಲೆ ಎಂಜಿನ್ ಹಿಂದೆ ಇರುವ ತೆಳು ಪ್ಲೇಟ್ ತೆಗೆದು ಫ್ಲೈವೀಲ್ ಹಾಕುವುದು. ಇಲ್ಲಿ ಎರಡು ವಿಷಯ ಮರೆಯಬಾರದು.

ಒಂದು, ಬೋಲ್ಟ್. ತೆಳು ಪ್ಲೇಟಿಗೆ ಹಾಕಿದ್ದ ಬೋಲ್ಟನ್ನೇ ದಪ್ಪನೆಯ ಫ್ಲೈವೀಲ್‌ಗೆ ಹಾಕಬಾರದು. ಅದಕ್ಕೆ ಅದರದೇ ಬೋಲ್ಟ್ ಇದೆ, ಅದನ್ನು ಟಾರ್ಕ್ ರೆಂಚ್‌ನಲ್ಲಿ ಕಂಪನಿ ಹೇಳಿದ ಅಳತೆಗೇ ಬಿಗಿಯಬೇಕು. ಸಾವಿರಾರು ಸುತ್ತು ತಿರುಗುವ ಚಕ್ರ ಸಡಿಲವಾದರೆ ಗೇರ್ ಬಾಕ್ಸ್ ಸೀಳಿಕೊಂಡು ಹೊರಬರಬಹುದು, ಕಾರಿನೊಳಗಿದ್ದವರ ಕಾಲಿಗೂ ಬರಬಹುದು.

ಎರಡು, ಪೈಲಟ್ ಬೇರಿಂಗ್. ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಕೂರುವ ಪುಟ್ಟ ಬೇರಿಂಗ್ ಇದು. ಮ್ಯಾನುವಲ್ ಬಾಕ್ಸಿನ ಶಾಫ್ಟಿನ ಮೂತಿ ಇದರೊಳಗೆ ಕೂತು ನೆಟ್ಟಗೆ ತಿರುಗುತ್ತದೆ. ಆಟೋಮ್ಯಾಟಿಕ್ ಕಾರಿನಲ್ಲಿ ಇದು ಬೇಕಿಲ್ಲ, ಹಾಗಾಗಿ ಇರುವುದೂ ಇಲ್ಲ. ಹಾಕಲು ಮರೆತರೆ ಶಾಫ್ಟ್ ಅಲುಗಾಡಿ, ಸದ್ದು ಶುರುವಾಗಿ, ಬಾಕ್ಸಿನ ಬೇರಿಂಗ್ ಕೈಕೊಡುತ್ತದೆ. ಆಗ ಇಡೀ ಬಾಕ್ಸ್ ಮತ್ತೆ ಇಳಿಸಬೇಕು. ಚಿಲ್ಲರೆ ಕಾಸಿನ ಸಾಮಾನಿಗೆ ಡಬಲ್ ಕೆಲಸ.

ಇಷ್ಟಾದ ಮೇಲೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್. ಕಾರಿನೊಳಗೆ ಅಗಲದ ಬ್ರೇಕ್ ಪೆಡಲ್ ತೆಗೆದು, ಕಿರಿದಾದ ಬ್ರೇಕ್ ಪೆಡಲ್ ಮತ್ತು ಕ್ಲಚ್ ಪೆಡಲ್. ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ ಮಲಗಿಯೇ ಮಾಡಬೇಕಾದ ಕೆಲಸ ಇದು. ಪೆಡಲ್ ಹಿಂದೆ ಕ್ಲಚ್ ಮಾಸ್ಟರ್ ಸಿಲಿಂಡರ್, ಗೇರ್ ಬಾಕ್ಸ್ ಪಕ್ಕ ಸ್ಲೇವ್ ಸಿಲಿಂಡರ್, ನಡುವೆ ಎಣ್ಣೆಯ ಪೈಪು. ಪೈಪಿನಲ್ಲಿ ಗಾಳಿ ಉಳಿದರೆ ಪೆಡಲ್ ಮೆತ್ತಗಾಗುತ್ತದೆ, ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರು ಕರಕರ ಎನ್ನುತ್ತದೆ. ಏರ್ ಪೂರ್ತಿ ತೆಗೆಯುವವರೆಗೆ ಓಡಿಸಬಾರದು.

ಪ್ರೊಪೆಲ್ಲರ್ ಶಾಫ್ಟಿನ ಉದ್ದ ಹೊಂದದಿದ್ದರೆ ಲೇತ್ ಅಂಗಡಿಯಲ್ಲಿ ಕತ್ತರಿಸಿ, ಬೆಸೆದು, ಬ್ಯಾಲೆನ್ಸ್ ಮಾಡಿಸಬೇಕು. ಬ್ಯಾಲೆನ್ಸ್ ಬಿಟ್ಟರೆ ಸ್ಪೀಡ್ ಹೋದಾಗ ಇಡೀ ಕಾರು ಗಡಗಡ ನಡುಗುತ್ತದೆ. ಹಿಂದಿನ ಡಿಫ್ರೆನ್ಷಿಯಲ್‌ನ ಹಲ್ಲಿನ ಲೆಕ್ಕವೂ ಆಟೋಮ್ಯಾಟಿಕ್, 6 ಗೇರಿನ ಟರ್ಬೊ ಕಾರುಗಳಲ್ಲಿ ಬೇರೆ ಬೇರೆ. ಹಳೆಯದನ್ನೇ ಬಿಟ್ಟರೆ ಕಾರು ಓಡುತ್ತದೆ, ಆದರೆ ಗೇರುಗಳು ಬೇಗ ಬೇಗ ಮುಗಿದುಹೋಗುತ್ತವೆ.

ಜೀವಕ್ಕೆ ಅಪಾಯ ಇರೋದು ಈ ವೈರಿನಲ್ಲಿ!

ಆಟೋಮ್ಯಾಟಿಕ್ ಕಾರು ‘ಪಿ’ ಅಥವಾ ‘ಎನ್’ನಲ್ಲಿ ಇದ್ದರೆ ಮಾತ್ರ ಸ್ಟಾರ್ಟ್ ಆಗುತ್ತದೆ. ಇದನ್ನು ನೋಡಿಕೊಳ್ಳುವ ಸ್ವಿಚ್ ಇರುವುದು ಗೇರ್ ಬಾಕ್ಸಿನ ಮೇಲೆ. ಬಾಕ್ಸ್ ಹೋದರೆ ಸ್ವಿಚ್ಚೂ ಹೋಯಿತು, ಕಾರು ಸ್ಟಾರ್ಟೇ ಆಗೋದಿಲ್ಲ. ಆಗ ಕೆಲವರು ಮಾಡುವ ಸುಲಭದ ಉಪಾಯ, ಎರಡು ವೈರ್ ತಿರುಚಿ ಸೇರಿಸಿಬಿಡುವುದು.

ಕಾರು ಸ್ಟಾರ್ಟ್ ಆಗುತ್ತದೆ, ನಿಜ. ಆದರೆ ಇನ್ನು ಮುಂದೆ ಗೇರಿನಲ್ಲಿದ್ದಾಗಲೂ ಆಗುತ್ತದೆ. ಗೇರಿನಲ್ಲಿ ನಿಲ್ಲಿಸಿದ ಕಾರಿನ ಕೀ ಯಾರೋ ಹೊರಗಿನಿಂದ ಕೈ ಹಾಕಿ ತಿರುಗಿಸಿದರೆ ಮುಂದಕ್ಕೆ ಹಾರುತ್ತದೆ. ಎದುರಿಗೆ ಗೋಡೆ ಇದ್ದರೆ ಬಂಪರ್ ಹೋಗುತ್ತದೆ, ಮಗು ಇದ್ದರೆ? ಸರಿಯಾದ ದಾರಿ, ಆ ವೈರುಗಳನ್ನು ಕ್ಲಚ್ ಪೆಡಲ್‌ನ ಸ್ವಿಚ್‌ಗೆ ಕೊಡುವುದು. ಪೆಡಲ್ ತುಳಿದರೆ ಮಾತ್ರ ಸ್ಟಾರ್ಟ್.

ರಿವರ್ಸ್ ಲೈಟಿನದೂ ಇದೇ ಕಥೆ. ಹೊಸ ಬಾಕ್ಸಿನ ಸ್ವಿಚ್‌ನಿಂದ ವೈರ್ ಎಳೆಯದಿದ್ದರೆ ಹಿಂದೆ ಬರುವಾಗ ಲೈಟ್ ಹತ್ತೋದಿಲ್ಲ. ಬ್ರೇಕ್ ಪೆಡಲ್ ಬದಲಾದ ಮೇಲೆ ಬ್ರೇಕ್ ಲೈಟಿನ ಸ್ವಿಚ್ ಸರಿಯಾಗಿ ಕೂತಿದೆಯಾ ಎಂದೂ ನೋಡಬೇಕು.

ಇನ್ನು ಈಸಿಯು. ಸೂಪ್ರಾದ ಆಟೋಮ್ಯಾಟಿಕ್‌ನಲ್ಲಿ ಎಂಜಿನ್, ಗೇರ್ ಎರಡನ್ನೂ ಒಂದೇ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಬಾಕ್ಸ್ ಮಾಯವಾದರೆ ಅದು ಗೇರಿನ ಸಂಕೇತಗಳನ್ನು ಹುಡುಕುತ್ತಾ ಕೂರುತ್ತದೆ. ಹಾಗಾಗಿ ಮ್ಯಾನುವಲ್ ಕಾರಿನ ಈಸಿಯು ಹಾಕುವುದು ಅಥವಾ ಹೊರಗಡೆ ಸಿಗುವ ಬೇರೆ ಈಸಿಯು ಹಾಕಿ ಟ್ಯೂನ್ ಮಾಡಿಸುವುದು ರೂಢಿ. ಸ್ಪೀಡ್ ಸೆನ್ಸರ್ ಹೊಂದಿಸದಿದ್ದರೆ ಮೀಟರಿನ ಮುಳ್ಳು ಅಲ್ಲಾಡುವುದೇ ಇಲ್ಲ.

ಎಲ್ಲ ಕಾರಿಗೂ ಇಷ್ಟೇ ಕಷ್ಟವಾ?

ಇಲ್ಲ. 2000ದ ದಶಕದ ಬಿಎಂಡಬ್ಲ್ಯು ಎಂ3 ಕಾರಿನ ಎಸ್‌ಎಂಜಿ ಆವೃತ್ತಿ ನೋಡಿ. ಕ್ಲಚ್ ಪೆಡಲ್ ಇಲ್ಲದಿದ್ದರೂ ಅದರೊಳಗಿರುವುದು ಮೂಲದಲ್ಲಿ ಮ್ಯಾನುವಲ್ ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಹೈಡ್ರಾಲಿಕ್ ಪಂಪ್ ಮಾಡುತ್ತದೆ. ಆ ಪಂಪ್ ಕೆಟ್ಟಾಗ ರಿಪೇರಿಯ ಬಿಲ್ ನೋಡಿ, ಅದನ್ನೇ ತೆಗೆದುಹಾಕಿ ಪೆಡಲ್, ಗೇರ್ ಲಿವರ್ ಹಾಕಿಸಿದವರು ಹಲವರು. ಫೆರಾರಿಯ ಎಫ್1 ಬಾಕ್ಸಿನ ಹಳೇ ಕಾರುಗಳನ್ನೂ ಇದೇ ರೀತಿ ಬದಲಾಯಿಸುವವರಿದ್ದಾರೆ.

ಹೊಸ ಕಾರುಗಳದು ಬೇರೆ ಮಾತು. ಅವುಗಳಲ್ಲಿ ಎಂಜಿನ್, ಗೇರ್, ಬ್ರೇಕ್, ಮೀಟರ್ ಎಲ್ಲವೂ ಕಂಪ್ಯೂಟರ್ ಜಾಲದಲ್ಲಿ ಒಂದಕ್ಕೊಂದು ಮಾತಾಡುತ್ತಿರುತ್ತವೆ. ಒಂದು ಸುಮ್ಮನಾದರೆ ಉಳಿದವು ತಕರಾರು ತೆಗೆಯುತ್ತವೆ. 2019ರಲ್ಲಿ ಹೊಸ ಸೂಪ್ರಾ ಬಂದಾಗ 8 ಗೇರಿನ ಆಟೋಮ್ಯಾಟಿಕ್ ಮಾತ್ರ ಇತ್ತು. ಅಭಿಮಾನಿಗಳು ಮ್ಯಾನುವಲ್ ಬೇಕೆಂದು ಕೇಳುತ್ತಲೇ ಇದ್ದರು. 2022ರಲ್ಲಿ ಟೊಯೊಟಾ ಕಂಪನಿಯೇ 6 ಗೇರಿನ ಮ್ಯಾನುವಲ್ ಘೋಷಿಸಿತು.

ಹಾಗಂತ ಮ್ಯಾನುವಲ್ ಅಂದರೆ ಸ್ಪೀಡ್ ಜಾಸ್ತಿ ಅಂತಲ್ಲ. ಈಗಿನ ಒಳ್ಳೆಯ ಆಟೋಮ್ಯಾಟಿಕ್ ಬಾಕ್ಸ್ ಮನುಷ್ಯನ ಕೈಗಿಂತ ಬೇಗ ಗೇರ್ ಬದಲಿಸುತ್ತದೆ. ಡ್ರ್ಯಾಗ್ ರೇಸ್ ಆಡುವ ಸೂಪ್ರಾ ಮಾಲೀಕರಲ್ಲಿ ಮ್ಯಾನುವಲ್ ತೆಗೆದು ಗಟ್ಟಿ ಆಟೋಮ್ಯಾಟಿಕ್ ಹಾಕಿಸಿಕೊಂಡವರೂ ಇದ್ದಾರೆ. ಮ್ಯಾನುವಲ್ ಕೊಡುವುದು ಓಡಿಸುವ ಖುಷಿ. ಅದಕ್ಕೆ ಎಷ್ಟು ಬೆಲೆ ಕಟ್ಟಬೇಕು ಎಂಬುದು ಅವರವರ ಜೇಬಿಗೆ ಬಿಟ್ಟದ್ದು.

ನಮ್ಮಲ್ಲಿ ಮಾಡಿಸಬಹುದಾ? ಕಾನೂನು ಏನನ್ನುತ್ತದೆ?

ಎ80 ಸೂಪ್ರಾ ಭಾರತದಲ್ಲಿ ಅಧಿಕೃತವಾಗಿ ಮಾರಾಟವಾಗಿಲ್ಲ. ತಯಾರಾಗಿ 3 ವರ್ಷ ದಾಟಿದ ಹಳೇ ಕಾರನ್ನು ಸಾಮಾನ್ಯವಾಗಿ ಆಮದು ಮಾಡಿಕೊಳ್ಳುವಂತೆಯೂ ಇಲ್ಲ. ಆದರೆ ಪ್ರಶ್ನೆ ಬೇರೆ ಕಾರುಗಳಿಗೂ ಬರುತ್ತದೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿ ಇಲ್ಲದ ಮಾರ್ಪಾಡಿಗೆ 6 ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5 ಸಾವಿರ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಹಾಗಾಗಿ ಗ್ಯಾರೇಜಿಗೆ ಹೋಗುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ, ಬರಹದಲ್ಲೇ ಕೇಳಿಕೊಳ್ಳುವುದು ಜಾಣತನ. ಇನ್ಶೂರೆನ್ಸ್ ಕಂಪನಿಗೂ ತಿಳಿಸಬೇಕು. ಮುಚ್ಚಿಟ್ಟರೆ ಅಪಘಾತವಾದ ದಿನ ಕ್ಲೇಮ್ ತಿರಸ್ಕಾರವಾಗುವ ಅಪಾಯ ಇದೆ.

ಅಂಗವಿಕಲರ ವಿಷಯದಲ್ಲಿ ಕಾಯ್ದೆ ಬಾಗಿಲು ತೆರೆದಿದೆ. ಅವರು ಓಡಿಸಲು ಅನುಕೂಲವಾಗುವಂತೆ ಕಾರನ್ನು ಮಾರ್ಪಡಿಸಲು ನೋಂದಣಿ ಪ್ರಾಧಿಕಾರದ ಅನುಮತಿ ಪಡೆಯಬಹುದು. ಕಾಲಿನಲ್ಲಿ ಕ್ಲಚ್ ತುಳಿಯಲಾಗದವರಿಗೆ ಇದು ದೊಡ್ಡ ಆಸರೆ.

ಗಲ್ಫ್‌ನಲ್ಲಿರುವ ನಮ್ಮವರಿಗೆ ಇನ್ನೊಂದು ಎಚ್ಚರಿಕೆ. ಯುಎಇಯಲ್ಲಿ ಆಟೋಮ್ಯಾಟಿಕ್‌ಗೆ ಮಾತ್ರ ಸೀಮಿತವಾದ ಲೈಸೆನ್ಸ್ ಕೊಡುತ್ತಾರೆ, ಬ್ರಿಟನ್‌ನಲ್ಲೂ ಹಾಗೆಯೇ. ಅಂಥ ಲೈಸೆನ್ಸ್ ಇದ್ದವರು ಕಾರನ್ನು ಮ್ಯಾನುವಲ್ ಮಾಡಿಸಿದರೆ ತಮ್ಮದೇ ಕಾರನ್ನು ತಾವೇ ಓಡಿಸುವಂತಿಲ್ಲ!

ಮಾಡಿಸಿದ ಕಾರು ಕೊಳ್ಳುವವರು ಏನು ನೋಡಬೇಕು?

* ಬಾನೆಟ್ ಕೆಳಗಿನ ಕಂಪನಿ ಫಲಕ ನೋಡಿ. ಹಳೇ ಟೊಯೊಟಾಗಳಲ್ಲಿ ಗೇರ್ ಬಾಕ್ಸಿನ ಸಂಕೇತ ಅಲ್ಲೇ ಇರುತ್ತದೆ. ಫಲಕದಲ್ಲಿ ಎ340ಇ ಇದ್ದು ಕಾರಿನಲ್ಲಿ ಕ್ಲಚ್ ಇದ್ದರೆ ಅದು ಬದಲಾಯಿಸಿದ ಕಾರು. ‘ಒರಿಜಿನಲ್ ಮ್ಯಾನುವಲ್’ ಬೆಲೆ ಕೊಡಬೇಡಿ.
* ಕ್ಲಚ್ ತುಳಿಯದೆ ಕೀ ತಿರುಗಿಸಿ ನೋಡಿ, ಆದರೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದೇ. ಸ್ಟಾರ್ಟ್ ಆದರೆ ವೈರ್ ತಿರುಚಿರುವ ಸಾಧ್ಯತೆ ಇದೆ.
* ರಿವರ್ಸ್ ಲೈಟ್, ಬ್ರೇಕ್ ಲೈಟ್, ಸ್ಪೀಡ್ ಮೀಟರ್ ಪರೀಕ್ಷಿಸಿ.
* ಸ್ಪೀಡಿನಲ್ಲಿ ನಡುಕ ಬರುತ್ತದಾ, ಕ್ಲಚ್ ತುಳಿದಾಗ ಸದ್ದು ಬದಲಾಗುತ್ತದಾ ಗಮನಿಸಿ.
* ಯಾವ ಬಾಕ್ಸ್, ಯಾವ ಡಿಫ್ರೆನ್ಷಿಯಲ್, ಯಾವ ಈಸಿಯು ಹಾಕಿದ್ದಾರೆ ಎಂಬುದಕ್ಕೆ ಬಿಲ್ ಕೇಳಿ. ನಾಳೆ ಕ್ಲಚ್ ಪ್ಲೇಟ್ ಬದಲಿಸುವಾಗ ಯಾವ ಕಾರಿನದು ತರಬೇಕು ಅಂತ ಗೊತ್ತಾಗೋದು ಆ ಬಿಲ್ಲಿನಿಂದಲೇ.

ತೆಗೆದ ಆಟೋಮ್ಯಾಟಿಕ್ ಬಾಕ್ಸನ್ನು ಗುಜರಿಗೆ ಹಾಕದೆ ಇಟ್ಟುಕೊಂಡ ಮಾಲೀಕರಿಂದ ಕಾರು ಸಿಕ್ಕಿದರೆ ಇನ್ನೂ ಒಳ್ಳೆಯದು. ಮುಂದೆ ಕಾನೂನಿನ ತೊಡಕು ಬಂದರೆ ಕಾರನ್ನು ಮೂಲ ರೂಪಕ್ಕೆ ತರಲು ಅದೇ ಸುಲಭದ ದಾರಿ.